ಮನೆ ಬಾಡಿಗೆಗೆ ಕೊಡುವ ಮುನ್ನ: ವಿದ್ಯುತ್ ಮತ್ತು ಬೆಂಕಿಯ ಸುರಕ್ಷತೆಗೆ ಮಾಲೀಕರು ಮಾಡಬೇಕಾದ ಕೆಲಸಗಳು

30×40 ಅಡಿಯ ನಿವೇಶನದಲ್ಲಿ ಮೂರು ನಾಲ್ಕು ಅಂತಸ್ತು ಕಟ್ಟಿ, ಒಂದರಲ್ಲಿ ತಾವಿದ್ದು ಉಳಿದವನ್ನು ಬಾಡಿಗೆಗೋ ಭೋಗ್ಯಕ್ಕೋ ಕೊಡುವ ಮಾಲೀಕರನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು ಈ ಬರಹವನ್ನು ಸಿದ್ಧಪಡಿಸಿದ್ದೇನೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಬಡಾವಣೆಗಳಲ್ಲಿ ಅತಿ ಹೆಚ್ಚು ಕಾಣುವ ಕಟ್ಟಡ ಇದು, ಮತ್ತು ತಪಾಸಣೆಯ ಕಣ್ಣಿಗೆ ಅತಿ ಕಡಿಮೆ ಬೀಳುವುದೂ ಇದೇ. ರಾಷ್ಟ್ರೀಯ ಕಟ್ಟಡ ಸಂಹಿತೆ 15 ಮೀಟರ್ ಮತ್ತು ಅದಕ್ಕೂ ಮೇಲ್ಪಟ್ಟ ಕಟ್ಟಡಗಳನ್ನು ಎತ್ತರದ ಕಟ್ಟಡಗಳೆಂದು ಗುರುತಿಸಿ ಅವುಗಳಿಗೆ ಬಿಗಿಯಾದ ಅಗ್ನಿ ಸುರಕ್ಷತಾ ಕ್ರಮಗಳನ್ನು ಹೇಳುತ್ತದೆ. ನಮ್ಮ ಇಂಥ ಮನೆಗಳು ಸಾಮಾನ್ಯವಾಗಿ ಆ ಎತ್ತರವನ್ನು ಮುಟ್ಟುವುದಿಲ್ಲ. ವಿದ್ಯುತ್ ಕಂಪನಿಯ ಸಿಬ್ಬಂದಿ ತಿಂಗಳಿಗೊಮ್ಮೆ ಬಂದು ಮೀಟರ್ ಓದಿ ಹೋಗುತ್ತಾರೆಯೇ ಹೊರತು ಒಳಗಿನ ವೈರಿಂಗ್ ನೋಡುವುದಿಲ್ಲ. ಹಾಗಾಗಿ ಈ ಕಟ್ಟಡಗಳಿಗೆ ಮಾಲೀಕರೇ ಏಕೈಕ ತಪಾಸಣಾಧಿಕಾರಿ ಎಂದು ತಿಳಿದು ಕೆಲಸ ಮಾಡಬೇಕಾಗುತ್ತದೆ.

ಕಾನೂನಿನ ಹೊಣೆಯೂ ಇದೇ ದಿಕ್ಕಿನಲ್ಲಿದೆ. ಮೀಟರ್‌ವರೆಗಿನ ವ್ಯವಸ್ಥೆ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂನಂಥ ವಿದ್ಯುತ್ ಸರಬರಾಜು ಕಂಪನಿಗಳದು (ಎಸ್ಕಾಂ). ಅಲ್ಲಿಂದ ಒಳಗಿನದು ಗ್ರಾಹಕರದು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಾವಳಿ, ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರ ಮೂಲಕವೇ ವೈರಿಂಗ್ ಕೆಲಸ ನಡೆಯಬೇಕೆಂದು ಹೇಳುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 108ನೇ ಕಲಮಿನ ಪ್ರಕಾರ, ಬಾಡಿಗೆದಾರರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದಂಥ, ಆದರೆ ಮಾಲೀಕರಿಗೆ ಗೊತ್ತಿರುವಂಥ ಮುಖ್ಯ ದೋಷವನ್ನು ಮಾಲೀಕರು ಮೊದಲೇ ತಿಳಿಸಬೇಕು. ಗೋಡೆಯೊಳಗಿನ ಹಳೆಯ ತಂತಿ, ಇಲ್ಲದ ಅರ್ಥಿಂಗ್ (ಸೋರಿದ ವಿದ್ಯುತ್ತನ್ನು ಭೂಮಿಗೆ ಇಳಿಸುವ ವ್ಯವಸ್ಥೆ) ಇವೆಲ್ಲ ಇಂಥ ದೋಷಗಳೇ. ಮಾಲೀಕರು ಮಾಡಿಸಬೇಕಾದ ದುರಸ್ತಿಯನ್ನು ನೋಟಿಸ್ ಕೊಟ್ಟ ಮೇಲೂ ಸಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರರೇ ಮಾಡಿಸಿ ಆ ಖರ್ಚನ್ನು ಬಡ್ಡಿಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಲು ಅದೇ ಕಲಮು ಅವಕಾಶ ಕೊಡುತ್ತದೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ 5 ವರ್ಷದವರೆಗೆ ಸೆರೆವಾಸ ಆಗಬಹುದು.

ಡಿಬಿ ಪೆಟ್ಟಿಗೆಯಿಂದ ಶುರುಮಾಡಿ

ಮನೆ ಖಾಲಿಯಾದ ಕೂಡಲೇ ಸುಣ್ಣಬಣ್ಣದವರನ್ನು ಕರೆಯುವ ಮುನ್ನ ವೈರ್‌ಮ್ಯಾನ್ ಒಬ್ಬರನ್ನು ಕರೆಸಿ ಮನೆಯ ಸರ್ಕ್ಯೂಟುಗಳಿಗೆಲ್ಲ ವಿದ್ಯುತ್ ಹಂಚುವ ಡಿಬಿ ಪೆಟ್ಟಿಗೆಯ ಮುಚ್ಚಳ ತೆಗೆಸಿ ನೋಡಿ. ಅಲ್ಲಿ ಇನ್ನೂ ಪಿಂಗಾಣಿಯ ಫ್ಯೂಸ್ ಕ್ಯಾರಿಯರ್‌ಗಳಿದ್ದು ಅವುಗಳಲ್ಲಿ ದಪ್ಪ ತಾಮ್ರದ ಎಳೆಗಳನ್ನು ಸುತ್ತಿದ್ದರೆ, ಆ ಮನೆಗೆ ರಕ್ಷಣೆಯೇ ಇಲ್ಲವೆಂದು ತಿಳಿಯಬೇಕು. ಫ್ಯೂಸ್ ಇರುವುದೇ ಹೊರೆ ಹೆಚ್ಚಾದಾಗ ಮೊದಲು ತಾನು ಕರಗಲು. ಕರಗದಷ್ಟು ದಪ್ಪ ತಂತಿ ಹಾಕಿದರೆ ಗೋಡೆಯೊಳಗಿನ ತಂತಿ ಕಾಯುತ್ತದೆ. ಅವುಗಳನ್ನು ತೆಗೆಸಿ ಎಂಸಿಬಿ, ಅಂದರೆ ಹೊರೆ ಹೆಚ್ಚಾದಾಗ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್ಚು, ಹಾಕಿಸಿ.

ಎಂಸಿಬಿ ಇದ್ದರೆ ಸಾಕೆಂಬ ಭಾವನೆ ಬಹಳ ಮಂದಿ ಮಾಲೀಕರಲ್ಲಿದೆ. ಎಂಸಿಬಿ ಕಾಪಾಡುವುದು ತಂತಿಯನ್ನು. ಮನುಷ್ಯರನ್ನು ಕಾಪಾಡುವುದು ಆರ್‌ಸಿಸಿಬಿ, ಹಳಬರು ಇಎಲ್‌ಸಿಬಿ ಎನ್ನುವ ಉಪಕರಣ. 16 ಆಂಪಿಯರ್‌ನ ಎಂಸಿಬಿ ಕೆಳಗೆ ಬೀಳಲು ಅಷ್ಟು ಆಂಪಿಯರ್ ಮೀರಿದ ವಿದ್ಯುತ್ ಹರಿಯಬೇಕು, ಆದರೆ ಒಬ್ಬ ವ್ಯಕ್ತಿಯ ಎದೆಬಡಿತ ನಿಲ್ಲಿಸಲು ಒಂದು ಆಂಪಿಯರ್‌ನ ಸಣ್ಣ ಭಾಗವೇ ಸಾಕು. ಫೇಸ್‌ನಲ್ಲಿ ಹೋದ ವಿದ್ಯುತ್ತೆಲ್ಲ ನ್ಯೂಟ್ರಲ್‌ನಲ್ಲಿ ವಾಪಸಾಗುತ್ತಿದೆಯೇ ಎಂಬುದನ್ನು ಆರ್‌ಸಿಸಿಬಿ ಸತತವಾಗಿ ಅಳೆಯುತ್ತಿರುತ್ತದೆ. ಯಾರದೋ ದೇಹದ ಮೂಲಕವೋ ಒದ್ದೆ ಗೋಡೆಯ ಮೂಲಕವೋ ಸ್ವಲ್ಪ ಸೋರಿದರೂ ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ಮನೆಗಳಿಗೆ ಬೇಕಾದ್ದು 30 ಮಿಲಿಆಂಪಿಯರ್‌ನದು. 100 ಅಥವಾ 300 ಮಿಲಿಆಂಪಿಯರ್‌ನವು ಪ್ರಾಣ ಉಳಿಸುವುದಕ್ಕೆ ಒದಗುವುದಿಲ್ಲ, ಆದ್ದರಿಂದ ಪೆಟ್ಟಿಗೆಯ ಮೇಲಿನ ಅಂಕಿಯನ್ನು ಸ್ವತಃ ಓದಿ. 2 ಕಿಲೋವ್ಯಾಟ್‌ಗಿಂತ ಹೆಚ್ಚಿನ ಹೊರೆಯ ಮನೆಗಳಿಗೆ ಈ ರಕ್ಷಣೆ ನಿಯಮದ ಪ್ರಕಾರವೇ ಕಡ್ಡಾಯ. ಒಂದು ಗೀಸರ್, ಒಂದು ಇಸ್ತ್ರಿಪೆಟ್ಟಿಗೆ ಸೇರಿದರೆ ಯಾವ ಸಂಸಾರವೂ ಆ ಮಿತಿಯನ್ನು ದಾಟುತ್ತದೆ.

ಆರ್‌ಸಿಸಿಬಿಗೆ ‘ಟಿ’ ಎಂದು ಬರೆದ ಒಂದು ಸಣ್ಣ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಅದನ್ನು ಒತ್ತಬೇಕು, ಒತ್ತಿದ ತಕ್ಷಣ ಮನೆಯ ಕರೆಂಟು ಹೋಗಬೇಕು. ಹೋಗದಿದ್ದರೆ ಉಪಕರಣ ಕೆಟ್ಟಿದೆ ಎಂದರ್ಥ, ಬದಲಿಸಿ. ಒಂದೇ ಸಮಯದಲ್ಲಿ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಮುಟ್ಟಿದವರನ್ನು ಆರ್‌ಸಿಸಿಬಿ ಕಾಪಾಡಲಾರದು ಎಂಬುದು ಕೂಡ ನೆನಪಿರಲಿ.

ಇಲ್ಲಿ ನಾನು ಒತ್ತಿ ಹೇಳಬೇಕಾದ ಮಾತೊಂದಿದೆ. ಮಳೆಗಾಲದಲ್ಲಿ ಆರ್‌ಸಿಸಿಬಿ ಮತ್ತೆ ಮತ್ತೆ ಟ್ರಿಪ್ ಆಗತೊಡಗಿದರೆ ಬಾಡಿಗೆದಾರರು ದೂರುತ್ತಾರೆ, ಮಾಲೀಕರು ಪರಿಚಯದ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡುತ್ತಾರೆ, ಅವರು ಬಂದು ಎರಡು ತಂತಿ ಜೋಡಿಸಿ ಅದನ್ನು ಬೈಪಾಸ್ ಮಾಡಿ ಹೋಗುತ್ತಾರೆ. ಮರುದಿನದಿಂದ ದೂರು ನಿಲ್ಲುತ್ತದೆ, ಸೋರಿಕೆ ಮಾತ್ರ ಹಾಗೆಯೇ ಉಳಿಯುತ್ತದೆ. ಇದಕ್ಕಿಂತ ಅಪಾಯಕಾರಿಯಾದ ದುರಸ್ತಿ ಬೇರೊಂದಿಲ್ಲ. ದೋಷ ಹುಡುಕುವುದು ಕಷ್ಟದ ಕೆಲಸವೂ ಅಲ್ಲ. ಎಲ್ಲ ಎಂಸಿಬಿಗಳನ್ನು ಕೆಳಗಿಳಿಸಿ ಆರ್‌ಸಿಸಿಬಿಯನ್ನು ಮೇಲೆತ್ತಿ, ನಂತರ ಒಂದೊಂದೇ ಎಂಸಿಬಿಯನ್ನು ಏರಿಸುತ್ತಾ ಬನ್ನಿ. ಯಾವುದನ್ನು ಏರಿಸಿದಾಗ ಬೀಳುತ್ತದೆಯೋ ಆ ಸರ್ಕ್ಯೂಟಿನ ಪ್ಲಗ್‌ಗಳನ್ನೆಲ್ಲ ಕಿತ್ತು ಮತ್ತೊಮ್ಮೆ ನೋಡಿ. ಪ್ಲಗ್ ಕಿತ್ತ ಮೇಲೆ ನಿಂತರೆ ತಪ್ಪು ಉಪಕರಣದಲ್ಲಿದೆ, ಅದು ಹೆಚ್ಚಿನ ಪಾಲು ಗೀಸರ್‌ನ ಕಾಯಿಲ್ ಅಥವಾ ವಾಷಿಂಗ್ ಮಷೀನ್ ಆಗಿರುತ್ತದೆ. ಪ್ಲಗ್ ಕಿತ್ತರೂ ಬಿದ್ದರೆ ಗೋಡೆಯೊಳಗೆ ನೀರು ಸೇರಿದೆ ಅಥವಾ ತಂತಿಯ ಹೊದಿಕೆ ಹಾಳಾಗಿದೆ. ಎಲ್ಲ ಎಂಸಿಬಿಗಳು ಕೆಳಗಿದ್ದರೂ ಆರ್‌ಸಿಸಿಬಿ ನಿಲ್ಲದಿದ್ದರೆ ನ್ಯೂಟ್ರಲ್ ಎಲ್ಲೋ ಅರ್ಥ್‌ಗೆ ತಾಗಿರುವ ಸಾಧ್ಯತೆ ಹೆಚ್ಚು. ಇನ್ವರ್ಟರ್ ಹಾಕಿಸಿದ ಮೇಲೆ ಮಾತ್ರ ಈ ಕಾಟ ಶುರುವಾಗಿದ್ದರೆ, ಇನ್ವರ್ಟರ್‌ನ ನ್ಯೂಟ್ರಲ್ಲನ್ನು ಮನೆಯ ಸಾಮಾನ್ಯ ನ್ಯೂಟ್ರಲ್ ಜತೆ ಬೆರೆಸಿದ್ದಾರೆಯೇ ಎಂದು ವಿಚಾರಿಸಿ.

ಅರ್ಥಿಂಗ್

ಹಳೆಯ ಮನೆಗಳಲ್ಲಿ ಅರ್ಥ್ ತಂತಿಯನ್ನು ಕಬ್ಬಿಣದ ನೀರಿನ ಪೈಪಿಗೆ ಕಟ್ಟುವ ರೂಢಿಯಿತ್ತು. ಮುಂದೆ ಯಾವಾಗಲೋ ಪ್ಲಂಬರ್ ಬಂದು ಆ ಪೈಪುಗಳನ್ನು ಕಿತ್ತು ಪಿವಿಸಿ ಹಾಕಿದಾಗ ಮನೆಯ ಅರ್ಥಿಂಗ್ ಕೂಡ ಯಾರಿಗೂ ತಿಳಿಯದಂತೆ ಹೊರಟುಹೋಗಿರುತ್ತದೆ. ಇನ್ನು ಕೆಲವೆಡೆ ಮೂರು ಪಿನ್ನಿನ ಸಾಕೆಟ್ಟಿನ ಹಿಂದೆ ಅರ್ಥ್ ಪಿನ್ನನ್ನೂ ನ್ಯೂಟ್ರಲ್ಲನ್ನೂ ಒಂದು ತುಂಡು ತಂತಿಯಿಂದ ಸೇರಿಸಿರುತ್ತಾರೆ. ಆ ನ್ಯೂಟ್ರಲ್ ಎಲ್ಲಾದರೂ ಕಡಿದುಹೋದರೆ ಫ್ರಿಜ್ಜಿನ ಹೊರಮೈಗೇ 230 ವೋಲ್ಟ್ ಬಂದು ಕೂರುತ್ತದೆ. ಆದ್ದರಿಂದ ಅಡುಗೆಮನೆ, ಬಚ್ಚಲುಮನೆ ಮತ್ತು ವಾಷಿಂಗ್ ಮಷೀನಿನ ಸಾಕೆಟ್ಟುಗಳನ್ನಾದರೂ ಬಿಚ್ಚಿಸಿ ನೋಡಲೇಬೇಕು. ಮಲ್ಟಿಮೀಟರ್ ಇಟ್ಟರೆ ಫೇಸ್ ಮತ್ತು ಅರ್ಥ್ ನಡುವೆ ಹೆಚ್ಚುಕಡಿಮೆ 230 ವೋಲ್ಟ್, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕೆಲವೇ ವೋಲ್ಟ್ ತೋರಿಸಬೇಕು.

ಅಂಗಳದಲ್ಲಿರುವ ಅರ್ಥ್ ಪಿಟ್ (ಅರ್ಥ್ ತಂತಿ ನೆಲಕ್ಕಿಳಿಯುವ ಗುಂಡಿ) ಮೇಲೆ ಟೈಲ್ಸ್ ಹಾಸಿಬಿಟ್ಟ ಮನೆಗಳು ಎಷ್ಟೋ ಇವೆ. ಮುಚ್ಚಳ ತೆರೆಯುವಂತಿರಬೇಕು, ತಂತಿ ಕಟ್ಟಿದ ಬೋಲ್ಟು ತುಕ್ಕು ಹಿಡಿದಿರಬಾರದು, ಫೆಬ್ರವರಿಯಿಂದ ಮಳೆ ಬರುವವರೆಗೆ ಆಗಾಗ ಒಂದೆರಡು ಬಿಂದಿಗೆ ನೀರು ಹಾಕುತ್ತಿರಬೇಕು. ಒಣಗಿದ ಮಣ್ಣು ವಿದ್ಯುತ್ತನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಹೊಸದಾಗಿ ಹಾಕಿಸುವುದಾದರೆ 40 ಮಿಲಿಮೀಟರ್ ವ್ಯಾಸದ, ಎರಡೂವರೆ ಮೀಟರ್ ಉದ್ದದ ಜಿಐ ಪೈಪು ಕನಿಷ್ಠ ಮಟ್ಟ.

ತಂತಿ ಮತ್ತು ಹೊರೆ

ಇಪ್ಪತ್ತು ಇಪ್ಪತ್ತೈದು ವರ್ಷದ ಹಿಂದೆ ನಾಲ್ಕು ಟ್ಯೂಬ್‌ಲೈಟು, ಎರಡು ಫ್ಯಾನು, ಒಂದು ಟಿವಿಗೆಂದು ಎಳೆದ ತಂತಿಯ ಮೇಲೆ ಈಗ ಇಂಡಕ್ಷನ್ ಒಲೆ, ಏರ್ ಫ್ರೈಯರ್, ಎಸಿ, ಸ್ಕೂಟರಿನ ಚಾರ್ಜರ್ ಎಲ್ಲವೂ ಕುಳಿತಿವೆ. 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ ಒಂದೇ ಸುಮಾರು 13 ಆಂಪಿಯರ್ ಎಳೆಯುತ್ತದೆ. ದೀಪ, ಫ್ಯಾನುಗಳಿಗೆ 1.5 ಚದರ ಮಿಲಿಮೀಟರ್, 16 ಆಂಪಿಯರ್ ಸಾಕೆಟ್ಟುಗಳಿಗೆ 2.5, ಗೀಸರ್ ಮತ್ತು ಎಸಿಗೆ 4 ಚದರ ಮಿಲಿಮೀಟರಿನ ತಾಮ್ರದ ತಂತಿ, ಅವುಗಳಿಗೆ ಡಿಬಿಯಿಂದ ಪ್ರತ್ಯೇಕ ಎಳೆತ ಎಂಬ ಲೆಕ್ಕವನ್ನು ಇಟ್ಟುಕೊಂಡರೆ ಸಾಮಾನ್ಯ ಮನೆಗೆ ಸಾಕಾಗುತ್ತದೆ. ಎಂಸಿಬಿಯ ಅಳತೆ ತಂತಿಗೆ ತಕ್ಕಂತಿರಬೇಕು, ಉಪಕರಣದ ಆಸೆಗೆ ತಕ್ಕಂತಲ್ಲ. 16 ಪದೇ ಪದೇ ಬೀಳುತ್ತದೆಂದು 32 ಹಾಕಿಸುವುದು ಹಳೆಯ ಫ್ಯೂಸಿಗೆ ದಪ್ಪ ತಂತಿ ಸುತ್ತಿದಂತೆಯೇ.

ತಂತಿ, ಸ್ವಿಚ್ಚು, ಎಂಸಿಬಿಗಳನ್ನು ಐಎಸ್‌ಐ ಗುರುತಿದ್ದವನ್ನೇ, ಬಿಲ್ ಪಡೆದು ಕೊಳ್ಳಿ. ಹೊಸ ವೈರಿಂಗ್ ಮಾಡಿಸುವವರು ಬೇಗ ಹೊತ್ತಿಕೊಳ್ಳದ, ಹೊಗೆ ಕಡಿಮೆ ಬಿಡುವ ಎಫ್‌ಆರ್‌ಎಲ್‌ಎಸ್ ತಂತಿಯನ್ನು ಕೇಳಿ ಹಾಕಿಸಿ, ಏಕೆಂದರೆ ಬೆಂಕಿಯಲ್ಲಿ ಜನ ಸಾಯುವುದು ಉರಿಗಿಂತ ಹೆಚ್ಚಾಗಿ ಹೊಗೆಯಿಂದ. ಹಳೆಯ ವೈರಿಂಗ್ ಹೇಗಿದೆ ಎಂದು ತಿಳಿಯಲು, ತಂತಿಯ ಹೊದಿಕೆಯ ನಿರೋಧವನ್ನು ಅಳೆಯುವ ಮೆಗ್ಗರ್ ಪರೀಕ್ಷೆ ಇದೆ: 500 ವೋಲ್ಟಿನ ಮೆಗ್ಗರ್ ಇಟ್ಟಾಗ ನಿರೋಧ 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ಸರ್ಕ್ಯೂಟಿನ ತಂತಿಯನ್ನು ಬದಲಿಸುವುದೇ ಸರಿ. ಐದು ವರ್ಷಕ್ಕೊಮ್ಮೆ ಇಡೀ ಕಟ್ಟಡಕ್ಕೆ ಈ ಪರೀಕ್ಷೆ ಮಾಡಿಸಿ, ಗುತ್ತಿಗೆದಾರರ ಸಹಿ ಮತ್ತು ಪರವಾನಗಿ ಸಂಖ್ಯೆ ಇರುವ ವರದಿ ಪಡೆದುಕೊಳ್ಳಿ. ಮಂಜೂರಾದ ಲೋಡ್‌ಗಿಂತ ಬಳಕೆ ಹೆಚ್ಚಾಗಿದ್ದರೆ ಎಸ್ಕಾಂಗೆ ಅರ್ಜಿ ಕೊಟ್ಟು ಲೋಡ್ ಹೆಚ್ಚಿಸಿಕೊಳ್ಳುವುದು ಒಳ್ಳೆಯದು.

ಮನೆಯ ಹೊರಗೆ

ಕರ್ನಾಟಕದ ಹಳ್ಳಿ ಪಟ್ಟಣಗಳಲ್ಲಿ ಬಟ್ಟೆ ಒಣಹಾಕುವ ಕಬ್ಬಿಣದ ತಂತಿ ಎಷ್ಟೋ ಪ್ರಾಣಗಳನ್ನು ತೆಗೆದಿದೆ. ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರಿನ ಆಧಾರಕ್ಕೋ, ಮಾಡಿನ ತಗಡಿಗೋ ಅದನ್ನು ಕಟ್ಟಿರುತ್ತಾರೆ. ಗಾಳಿಗೆ ಉಜ್ಜಿ ಸರ್ವಿಸ್ ವೈರಿನ ಹೊದಿಕೆ ಸವೆದು, ಒದ್ದೆ ಬಟ್ಟೆ ಹಾಕಲು ಹೋದವರಿಗೆ ಶಾಕ್ ಹೊಡೆಯುತ್ತದೆ. ಬಿಡಿಸಲು ಓಡಿಬಂದವರೂ ಅದೇ ತಂತಿಗೆ ಬಲಿಯಾಗುತ್ತಾರೆ. ನಿಮ್ಮ ಕಟ್ಟಡದಲ್ಲಿರುವ ಲೋಹದ ಹಗ್ಗಗಳನ್ನೆಲ್ಲ ಇವತ್ತೇ ಬಿಚ್ಚಿ ನೈಲಾನ್ ಹಗ್ಗ ಕಟ್ಟಿ. ಇದಕ್ಕೆ ತಗಲುವ ಖರ್ಚು ಏನೇನೂ ಅಲ್ಲ.

ಮೇಲೊಂದು ಅಂತಸ್ತು ಎಬ್ಬಿಸುವಾಗ, ಬಾಲ್ಕನಿಯನ್ನು ರಸ್ತೆಯ ಕಡೆಗೆ ಚಾಚುವಾಗ ತಂತಿಗಳ ದೂರವನ್ನು ಅಳೆಯಬೇಕು. ನಿಯಮದ ಪ್ರಕಾರ 11 ಕೆವಿ ಮಾರ್ಗದಿಂದ ಕಟ್ಟಡಕ್ಕೆ ಪಕ್ಕದಲ್ಲಿ ಕನಿಷ್ಠ 1.2 ಮೀಟರ್, ಮೇಲ್ಭಾಗದಲ್ಲಿ 3.7 ಮೀಟರ್ ಅಂತರವಿರಬೇಕು. ಈಗಾಗಲೇ ಮಾರ್ಗ ಹತ್ತಿರವಿದ್ದರೆ ಆ ಬದಿಯ ಬಾಲ್ಕನಿಗೆ ಬಾಡಿಗೆದಾರರು ಕಬ್ಬಿಣದ ಸರಳು, ಉದ್ದನೆಯ ಅಲ್ಯೂಮಿನಿಯಂ ಕೋಲು ತಾರದಂತೆ ಎಚ್ಚರಿಸಿ, ಮಾರ್ಗ ಸ್ಥಳಾಂತರಕ್ಕೆ ಎಸ್ಕಾಂಗೆ ಲಿಖಿತ ಅರ್ಜಿ ಕೊಡಿ. ಮಲೆನಾಡು, ಕರಾವಳಿಯಲ್ಲಿ ಮನೆಯಿರುವವರು ಸಿಡಿಲಿನ ದೆಸೆಯಿಂದ ಬರುವ ವೋಲ್ಟೇಜಿನ ಹೊಡೆತಕ್ಕೆ ಡಿಬಿಯಲ್ಲಿ ಸರ್ಜ್ ಪ್ರೊಟೆಕ್ಷನ್ ಉಪಕರಣ ಹಾಕಿಸುವುದು ಲೇಸು.

ಮೆಟ್ಟಿಲು, ಮೀಟರ್ ಬೋರ್ಡು ಮತ್ತು ಗ್ರಿಲ್ಲು

2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್‌ನಲ್ಲಿ ವಿದ್ಯುತ್ ಕೇಬಲ್ಲುಗಳ ಡಕ್ಟಿನಲ್ಲಿ ಹುಟ್ಟಿದ ಬೆಂಕಿಯ ಹೊಗೆ ಮೇಲಂತಸ್ತುಗಳನ್ನು ತುಂಬಿತು. 9 ಮಂದಿ ಸತ್ತರು. ಅವರಲ್ಲಿ ಕೆಲವರು ಉಸಿರುಕಟ್ಟಿ ಕಿಟಕಿಯಿಂದ ಹಾರಿದವರು. ಅದು ದೊಡ್ಡ ವಾಣಿಜ್ಯ ಕಟ್ಟಡ. ಆದರೆ ಅಲ್ಲಿ ನಡೆದದ್ದು, ಅಂದರೆ ಕೆಳಗಿನ ವಿದ್ಯುತ್ ಬೆಂಕಿಯ ಹೊಗೆ ಕಟ್ಟಡದ ನಡುವಿನ ಲಂಬವಾದ ದಾರಿ ಹಿಡಿದು ಮೇಲೇರುವುದು, ನಮ್ಮ ನಾಲ್ಕಂತಸ್ತಿನ ಮನೆಯಲ್ಲಿಯೂ ಹಾಗೆಯೇ ನಡೆಯಬಲ್ಲದು, ಏಕೆಂದರೆ ಇಲ್ಲಿ ಮೀಟರ್ ಬೋರ್ಡು ಇರುವುದು ನೆಲಮಹಡಿಯ ಮೆಟ್ಟಿಲ ಬುಡದಲ್ಲಿ, ಮತ್ತು ಎಲ್ಲ ಸಂಸಾರಗಳಿಗೂ ಹೊರಬರಲು ಇರುವುದು ಅದೊಂದೇ ಮೆಟ್ಟಿಲು. ಆ ಬುಡದಲ್ಲಿ ಸಾಮಾನ್ಯವಾಗಿ ಏನಿರುತ್ತದೆ ನೋಡಿ: ಪೆಟ್ರೋಲ್ ತುಂಬಿದ ಎರಡು ಮೂರು ಬೈಕು, ಹಳೆಯ ಹಾಸಿಗೆ, ರದ್ದಿ ಕಾಗದ, ಬಣ್ಣದ ಡಬ್ಬಿ, ಈಚೆಗೆ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಚಾರ್ಜ್ ಆಗುತ್ತಿರುವ ಎಲೆಕ್ಟ್ರಿಕ್ ಸ್ಕೂಟರು.

ಮಾಲೀಕರು ಒಂದೇ ಒಂದು ಕೆಲಸಕ್ಕೆ ಸಮಯ ಕೊಡಬಲ್ಲೆನೆಂದರೆ, ಈ ಜಾಗವನ್ನು ಖಾಲಿ ಮಾಡಿಸಲಿ ಎನ್ನುತ್ತೇನೆ. ಮೀಟರ್ ಬೋರ್ಡಿನ ಸುತ್ತ ಒಂದು ಮೀಟರ್ ಜಾಗದಲ್ಲಿ ಉರಿಯುವ ಯಾವ ವಸ್ತುವೂ ಇರಬಾರದು. ಸ್ಕೂಟರ್ ಚಾರ್ಜಿಂಗ್‌ಗೆ ಮೆಟ್ಟಿಲಿನಿಂದ ದೂರದ, ಗಾಳಿಯಾಡುವ ಹೊರಗೋಡೆಯ ಬಳಿ ಪ್ರತ್ಯೇಕ ಎಂಸಿಬಿ, ಆರ್‌ಸಿಸಿಬಿ ಇರುವ 16 ಆಂಪಿಯರ್ ಸಾಕೆಟ್ ಕೊಡಿ. ಇನ್ವರ್ಟರ್ ಬ್ಯಾಟರಿಯನ್ನು ಮೆಟ್ಟಿಲಡಿಯ ಮುಚ್ಚಿದ ಕಪಾಟಿನಲ್ಲಿ ಇಡಬೇಡಿ. ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಮೆಟ್ಟಿಲ ತಲೆಯಲ್ಲಿ ಹೊಗೆ ಹೊರಹೋಗಲು ಜಾಲಂಧ್ರವಿರಲಿ, ತಾರಸಿ ಬಾಗಿಲಿಗೆ ಒಳಗಿನಿಂದ ಚಿಲಕ ಮಾತ್ರ ಇರಲಿ, ಬೀಗ ಬೇಡ.

2021ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೇಗೂರು ಸಮೀಪದ ಅಪಾರ್ಟ್‌ಮೆಂಟ್ ಒಂದರ ಬೆಂಕಿಯಲ್ಲಿ ಇಬ್ಬರು ಮಹಿಳೆಯರು ಜೀವ ಕಳೆದುಕೊಂಡರು. ಬಾಲ್ಕನಿಯವರೆಗೆ ಬಂದರೂ ಗ್ರಿಲ್ ದಾಟಲಾಗದೆ ಸಿಲುಕಿದ ಆ ದೃಶ್ಯವನ್ನು ಊರೇ ಕಂಡಿತು. ಕಳ್ಳರ ಭಯಕ್ಕೆ ಕಿಟಕಿ, ಬಾಲ್ಕನಿಗಳಿಗೆಲ್ಲ ಕಬ್ಬಿಣದ ಗ್ರಿಲ್ ಬೆಸೆಯುವುದು ನಮ್ಮಲ್ಲಿ ಸಹಜ, ಅದನ್ನು ತೆಗೆದುಹಾಕಿ ಎಂದರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಪ್ರತಿ ಮನೆಯ ಒಂದು ಗ್ರಿಲ್‌ನಲ್ಲಾದರೂ ದೊಡ್ಡವರೊಬ್ಬರು ನುಸುಳಬಹುದಾದಷ್ಟು ಭಾಗಕ್ಕೆ ಹಿಂಜು ಹಾಕಿಸಿ ತೆರೆಯುವಂತೆ ಮಾಡಿದರೆ ಸಾಕು. ಬೀಗ ಒಳಬದಿಗಿರಲಿ, ಕೀಲಿಯನ್ನು ಹೊರಗಿನವರ ಕೈಗೆಟುಕದ, ಒಳಗಿನವರಿಗೆ ಕತ್ತಲೆಯಲ್ಲೂ ಸಿಗುವ ಮೊಳೆಗೆ ತೂಗುಹಾಕಿರಲಿ, ಮಕ್ಕಳೂ ವಯಸ್ಸಾದವರೂ ಸೇರಿದಂತೆ ಮನೆಯವರೆಲ್ಲ ಒಮ್ಮೆಯಾದರೂ ಅದನ್ನು ತೆರೆದು ನೋಡಿರಲಿ.

ಮೆಟ್ಟಿಲಲ್ಲಿ ಹೊಗೆ ತುಂಬಿದ್ದರೆ ಅದರೊಳಗೆ ಇಳಿಯುವ ಅಥವಾ ಹತ್ತುವ ಪ್ರಯತ್ನ ಮಾಡಬಾರದೆಂದು ಬಾಡಿಗೆದಾರರಿಗೆ ತಿಳಿಸಿ. ಮುಂಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಒದ್ದೆ ಬಟ್ಟೆ ತುರುಕಿ, ರಸ್ತೆ ಕಡೆಯ ಬಾಲ್ಕನಿಗೆ ಬಂದು 101 ಅಥವಾ 112ಕ್ಕೆ ಕರೆ ಮಾಡುವುದು ಸುರಕ್ಷಿತ.

ಗ್ಯಾಸು

ಸಿಲಿಂಡರ್ ಬಾಡಿಗೆದಾರರದೇ ಆದರೂ ಅದನ್ನಿಡುವ ಜಾಗ ಮಾಲೀಕರು ಕಟ್ಟಿಸಿದ್ದು. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದ್ದು ನೆಲದಲ್ಲೇ ಹರಡುತ್ತದೆ; ಅಡುಗೆಮನೆಯ ಗೋಡೆಯಲ್ಲಿ ನೆಲಮಟ್ಟಕ್ಕೊಂದು ಗಾಳಿಕಿಂಡಿ ಬೇಕು. ಐಎಸ್‌ಐ ಗುರುತಿನ ಸುರಕ್ಷಾ ಟ್ಯೂಬನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ವಾಸನೆ ಬಂದಾಗ ಯಾವ ಸ್ವಿಚ್ಚನ್ನೂ ಹಾಕಬಾರದು, ಆರಿಸಲೂಬಾರದು. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು. ಗ್ಯಾಸ್ ಗೀಸರನ್ನು ಬಚ್ಚಲುಮನೆಯ ಒಳಗೆ ಹಾಕಿಸುವುದನ್ನು ಮಾಲೀಕರು ಸಂಪೂರ್ಣವಾಗಿ ನಿಲ್ಲಿಸಬೇಕು. ಗಾಳಿಯಾಡದ ಬಚ್ಚಲಲ್ಲಿ ಅದು ಕಾರ್ಬನ್ ಮಾನಾಕ್ಸೈಡ್ ಉಗುಳುತ್ತದೆ. ಅದಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ, ಸ್ನಾನಕ್ಕೆ ಹೋದವರು ಪ್ರಜ್ಞೆ ತಪ್ಪಿ ಅಲ್ಲೇ ಸಾಯುತ್ತಾರೆ. ಗೀಸರ್ ಹೊರಗೋಡೆಯ ಮೇಲಿರಲಿ, ಒಳಕ್ಕೆ ಬಿಸಿನೀರಿನ ಪೈಪು ಮಾತ್ರ ಬರಲಿ.

ನಂದಿಸುವ ಸಾಧನ

ಪ್ರತಿ ಅಂತಸ್ತಿನ ಮೆಟ್ಟಿಲ ಬಳಿ ಒಂದು, ಮೀಟರ್ ಬೋರ್ಡಿನಿಂದ ತುಸು ದೂರದಲ್ಲಿ ಒಂದು ಎಬಿಸಿ ಪುಡಿಯ ಅಗ್ನಿನಂದಕ ಇರಲಿ. ಒತ್ತಡದ ಮುಳ್ಳು ಹಸಿರು ಭಾಗದಲ್ಲಿದೆಯೇ ಎಂದು ಬಾಡಿಗೆ ಪಡೆಯುವ ದಿನ ನೋಡಿಕೊಂಡರೆ ಮರೆತುಹೋಗುವುದಿಲ್ಲ. ವಿದ್ಯುತ್ ಬೆಂಕಿಗೆ ನೀರು ಹಾಕಕೂಡದು, ಮೊದಲು ಮೇನ್ ಸ್ವಿಚ್ ಆರಿಸಬೇಕು. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ಒಲೆ ಆರಿಸಿ ತಟ್ಟೆ ಮುಚ್ಚಬೇಕು. ಹೊಗೆ ಪತ್ತೆಮಾಡುವ ಅಲಾರ್ಮನ್ನು ಮೆಟ್ಟಿಲ ತಲೆಗೆ ಒಂದು ಹಾಕಿಸಿದರೆ ರಾತ್ರಿ ಮಲಗಿದವರು ಎಚ್ಚರಗೊಳ್ಳುತ್ತಾರೆ, ಇಂಥ ಮನೆಗಳಲ್ಲಿ ಅದನ್ನು ಯಾರೂ ಕೇಳದಿದ್ದರೂ ನಾನು ಹಾಕಿಸಿ ಎಂದೇ ಹೇಳುತ್ತೇನೆ.

ಪಿಜಿ ನಡೆಸುವವರ ವಿಷಯ ಬೇರೆ. ಬೆಂಗಳೂರಿನಲ್ಲಿ ಆಗಿನ ಬಿಬಿಎಂಪಿ 2024ರಲ್ಲಿ ಹೊರಡಿಸಿದ ಮಾರ್ಗಸೂಚಿ ಪರವಾನಗಿಯ ಜತೆಗೆ ಅಗ್ನಿ ಸುರಕ್ಷತೆಯ ವ್ಯವಸ್ಥೆಯನ್ನೂ ಕೇಳುತ್ತದೆ. ಆದ್ದರಿಂದ ಮನೆಯನ್ನು ಪಿಜಿಯಾಗಿ ಬದಲಿಸುವ ಮುನ್ನ ಪಾಲಿಕೆಯಲ್ಲೂ ಅಗ್ನಿಶಾಮಕ ಇಲಾಖೆಯಲ್ಲೂ ವಿಚಾರಿಸಬೇಕು.

ಕರಾರುಪತ್ರದಲ್ಲಿ ಬರೆಯಬೇಕಾದದ್ದು

ಹನ್ನೊಂದು ತಿಂಗಳ ಕರಾರಿನಲ್ಲಿ ಅಡ್ವಾನ್ಸು, ಬಣ್ಣದ ಖರ್ಚುಗಳ ಬಗ್ಗೆ ಸಾಲುಗಟ್ಟಲೆ ಇರುತ್ತದೆ, ವೈರಿಂಗ್ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಮೂರು ಸಂಗತಿಗಳನ್ನು ಸೇರಿಸಿ. ಗೋಡೆಯೊಳಗಿನ ವೈರಿಂಗ್, ಡಿಬಿ, ಅರ್ಥಿಂಗ್‌ಗಳ ದುರಸ್ತಿ ಮಾಲೀಕರದು ಮತ್ತು ದೂರು ಬಂದ ಇಷ್ಟು ದಿನದೊಳಗೆ ಅದನ್ನು ಮಾಡಿಸಲಾಗುವುದು. ಎಸಿ, ಗೀಸರ್, ವಾಹನ ಚಾರ್ಜರ್‌ಗಳನ್ನು ಬಾಡಿಗೆದಾರರು ಹೊಸದಾಗಿ ಹಾಕುವ ಮುನ್ನ ಮಾಲೀಕರಿಗೆ ತಿಳಿಸಬೇಕು. ಆರ್‌ಸಿಸಿಬಿಯನ್ನು ಯಾರೂ ಬೈಪಾಸ್ ಮಾಡಕೂಡದು. ಮನೆ ಒಪ್ಪಿಸುವ ದಿನ ಬಾಡಿಗೆದಾರರ ಎದುರಿಗೆ ‘ಟಿ’ ಗುಂಡಿ ಒತ್ತಿ ತೋರಿಸಿ, ಮೇನ್ ಸ್ವಿಚ್ ಮತ್ತು ಗ್ರಿಲ್ ಕೀಲಿಯ ಜಾಗ ತಿಳಿಸಿ, ಡಿಬಿ ಪೆಟ್ಟಿಗೆಯ ಫೋಟೋ ಮತ್ತು ಗುತ್ತಿಗೆದಾರರ ವರದಿಯ ಪ್ರತಿಯನ್ನು ಕರಾರಿಗೆ ಲಗತ್ತಿಸಿ. ಯಾವ ಎಂಸಿಬಿ ಯಾವ ಕೋಣೆಯದು ಎಂಬುದನ್ನು ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಕನ್ನಡದಲ್ಲೂ, ಬಾಡಿಗೆದಾರರು ಓದಬಲ್ಲ ಭಾಷೆಯಲ್ಲೂ ಬರೆದು ಅಂಟಿಸಿ. ಅದರ ಕೆಳಗೆ ವಿದ್ಯುತ್ ದೂರಿಗೆ 1912, ಅಗ್ನಿಶಾಮಕಕ್ಕೆ 101, ಆಂಬ್ಯುಲೆನ್ಸಿಗೆ 108, ಮತ್ತು ನಿಮ್ಮದೇ ಫೋನ್ ಸಂಖ್ಯೆ ಇರಲಿ.